ಬಂಡಿಗೆ ದೊಡ್ಡ ಎತ್ತು ಹೂಡಿದ್ದು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಪಗಡೆಯ ಚಟ. ನನ್ನದು ಇವೆರಡಕ್ಕಿಂತ ದುಬಾರಿ: ಸರಿಯಾಗಿರುವುದನ್ನು ಇನ್ನಷ್ಟು ಸರಿ ಮಾಡುವ ಚಟ. ನಶ್ಯ ಏರಿಸಿದವನು ತಾನೊಬ್ಬನೇ ಸೀನಿ ಸುಮ್ಮನಾಗುತ್ತಾನೆ. ನಾನು ಒಂದಕ್ಕೆ ಕೈ ಹಾಕಿದರೆ ಮನೆಮಂದಿಯೆಲ್ಲ ಸೀನಬೇಕಾಗುತ್ತದೆ. ಹಿರಿಯ ಮಗ ಹುಟ್ಟಿದಾಗ ತೊಟ್ಟಿಲು ಕಿರ್ರ್ ಎನ್ನುತ್ತದೆಂದು ಅದರ ಕೊಂಡಿಗೆಲ್ಲ ಎಣ್ಣೆ ಬಿಟ್ಟು ಸದ್ದಡಗಿಸಿದೆ. ಆದರೆ ಆ ಕಿರ್ರ್ ಇಲ್ಲದೆ ಕೂಸು ಕಣ್ಣು ಮುಚ್ಚದು. ಎಣ್ಣೆ ಒಣಗುವವರೆಗೆ ತೊಟ್ಟಿಲು ತೂಗುತ್ತ ನಾನೇ ಬಾಯಲ್ಲಿ ಕಿರ್ರ್ ಕಿರ್ರ್ ಎನ್ನಬೇಕಾಯಿತು. ಕೂಸು ನೋಡಲು ಬಂದ ಬೀಗರು ನನ್ನ ಮುಖವನ್ನೇ ಹೆಚ್ಚು ಹೊತ್ತು ನೋಡಿ ಹೋದರು. ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ’ ಎಂಬ ಗಾದೆಯನ್ನು ನಮ್ಮ ಹಿರಿಯರು ನಾನು ಹುಟ್ಟುವ ಮೊದಲೇ ಮಾಡಿಟ್ಟಿದ್ದರು. ಅದು ತುಕ್ಕು ಹಿಡಿಯದಂತೆ ನೋಡಿಕೊಂಡು ಬಂದವನು ನಾನು.

ನಮ್ಮದು ಗಜೇಂದ್ರಗಡದಲ್ಲಿ ನೇಕಾರರ ಮನೆ. ಅಜ್ಜ ತೋಡಿಸಿದ ಎರಡು ಮಗ್ಗದ ಕುಣಿಗಳಿವೆ. ಕುಣಿಯೊಳಗೆ ಕಾಲಿಳಿಬಿಟ್ಟು, ಬೆನ್ನಿಗೆ ಗೋಡೆ, ಹೊಟ್ಟೆಗೆ ಬಟ್ಟೆ ಸುತ್ತುವ ಮರ, ಹೀಗೆ ನಡುವೆ ಕುಳಿತು ನೇಯಬೇಕು. ನಮ್ಮಣ್ಣ ಕುಳಿತರೆ ಸೀರೆ ಬೆಳೆಯುತ್ತ ಹೋಗುತ್ತದೆ. ನಾನು ಕುಳಿತರೆ ಗಂಟುಗಳು ಬೆಳೆಯುತ್ತ ಹೋಗುತ್ತವೆ. ನನ್ನ ಕೈಯ ಮೊದಲ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದ ಅಪ್ಪ, “ಇದು ಸೀರಿ ಅಲ್ಲ, ಮೀನಾ ಹಿಡಿಯೂ ಬಲಿ. ಇವನ ಕೈಗಿಂತ ನಾಲಿಗಿ ಚಲೋ ಐತಿ, ಬಂಡಿ ಹತ್ತಿಸಿಬಿಡ್ರಿ” ಎಂದರು. ಅಂದಿನಿಂದ ಅಣ್ಣ ನೇಯುವುದು, ನಾನು ಊರೂರಿಗೆ ಒಯ್ದು ಮಾರುವುದು. ಖರೇ ಹೇಳುತ್ತೇನೆ, ಇಷ್ಟು ಸುಖದ ಶಿಕ್ಷೆ ಯಾರಿಗೂ ಸಿಕ್ಕಿರಲಾರದು. ಕಮಾನು ಕಟ್ಟಿದ ಬಂಡಿ, ಮೆತ್ತಗೆ ಸೀರೆ ಗಂಟುಗಳು, ಎಡಬಲಕ್ಕೆ ಜೋಳದ ಹೊಲ, ಬಾಯಲ್ಲೊಂದು ಹಾಡು. ಆ ಕುಣಿಯ ನೆನಪಾದರೆ ಈಗಲೂ ಎದ್ದು ಹೋಗಿ ಬಂಡಿಯ ಪಕ್ಕ ನಿಲ್ಲುತ್ತೇನೆ.

ಆ ಬಂಡಿಗೆ ಆಗ ಇದ್ದದ್ದು ಗುಂಡ್ಯಾ ಮತ್ತು ಚೆನ್ನ್ಯಾ ಎಂಬ ಎರಡು ಗಿಡ್ಡ ಎತ್ತುಗಳು. ಪುರ್ತಗೇರಿ, ಮುಶಿಗೇರಿ, ರೋಣ, ಬೆಳವಣಕಿ, ಕಡೆಗೆ ನರಗುಂದ, ಇದು ನಮ್ಮ ಹಾದಿ. ಯಾವ ಊರಲ್ಲಿ ಯಾವ ಮನೆಯವರು ಸೀರೆ ಕೊಳ್ಳುತ್ತಾರೆ ಎಂಬುದು ನನಗಿಂತ ಅವಕ್ಕೆ ಚೆನ್ನಾಗಿ ಗೊತ್ತು. ನಾನು ತೂಕಡಿಸುತ್ತಿದ್ದರೂ ಸರಿಯಾದ ಬಾಗಿಲಿಗೆ ಹೋಗಿ ನಿಲ್ಲುವವು. ಕುಂದು ಒಂದೇ: ನಡಿಗೆ. ಒಮ್ಮೆ ರೋಣದ ಈಚೆಗೆ, ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತ ಮುದುಕಿಯೊಬ್ಬಳು ಹಿಂದಿನಿಂದ ಬಂದು, ನನ್ನ ಬಂಡಿಯನ್ನು ದಾಟಿ, ಹತ್ತು ಹೆಜ್ಜೆ ಮುಂದೆ ಹೋಗಿ, ಪಾಪ, ಮರುಕದಿಂದ ತಿರುಗಿ ಕೇಳಿದಳು:

“ಯಪ್ಪಾ, ರೋಣಕ್ಕ ಏನರ ಹೇಳಿ ಕಳಸೂದಿತ್ತೇನು?”

ಇಂಥ ನಡಿಗೆಯಲ್ಲಿ ಒಂದು ವರ್ಷ ನರಗುಂದದ ಒಂದು ಮದುವೆ ಮನೆಗೆ ಮದುಮಗಳ ಸೀರೆ ಒಯ್ದು ಮುಟ್ಟಿದಾಗ, ಬೀಗರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಮದುಮಗಳು ಯಾರದೋ ಸೀರೆಯಲ್ಲಿ ತಾಳಿ ಕಟ್ಟಿಸಿಕೊಂಡು ಆಗಿತ್ತು. ಮೂರು ತಿಂಗಳು ಕಣ್ಣು ಕಿಸಿದು ನೇಯ್ದ ಸೀರೆ ಮಡಿಕೆ ಬಿಚ್ಚದೆ ಮರಳಿ ಬಂದದ್ದನ್ನು ಕಂಡು ಅಣ್ಣ ಬಯ್ಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ವರ್ಷ ತಿರುಗಿದ ಮೇಲೆ ಮೆಲ್ಲಗೆ ಹೇಳಿದ: “ಈ ವರ್ಷ ಅದs ಮನಿತನದಾಗ ಇನ್ನೊಂದು ಮದುವಿ ಐತಿ. ಎಣ್ಣಿ ಅರಿಷಿಣದ ಹೊತ್ತಿಗೆ ಸೀರಿ ತುಗೊಂಡು ನೀ ಮುಟ್ಟಬೇಕು. ಈ ಸಲಾನೂ ತಪ್ಪಿತಂದ್ರ, ಬಂಡಿ ನಾ ಹೊಡೀತೀನಿ. ನೀ ಕುಣಿಗಿಳಿ.”

ಅದೇ ದಿನಗಳಲ್ಲಿ ಮುಂಬಯಿಗೆ ಹೋಗಿಬಂದ ಒಬ್ಬ ಅರಳೆ ವ್ಯಾಪಾರಿ ನಮ್ಮ ಕಟ್ಟೆಯ ಮೇಲೆ ಕುಳಿತು ಅಲ್ಲಿನ ಹೊಗೆ ಬಂಡಿಯ ಸುದ್ದಿ ಹೇಳಿದ. ಎತ್ತಿಲ್ಲ, ಕುದುರೆಯಿಲ್ಲ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ನೂರಾರು ಮಂದಿಯನ್ನು ಎಳೆದುಕೊಂಡು ಓಡುತ್ತದಂತೆ. “ದಣಿವಾದ್ರ?” ಎಂದೆ. “ದಣಿಯೂದಿಲ್ಲ.” “ಹಸಿವಾದ್ರ?” “ಕರೇ ಕಲ್ಲು ತಿಂತೈತಿ, ಮ್ಯಾಲೆ ನೀರ ಕುಡೀತೈತಿ.” ಉಳಿದವರು ಅವನು ಸುಳ್ಳು ಹೇಳುತ್ತಾನೆಂದು ನಕ್ಕು ಎದ್ದು ಹೋದರು. ನಾನು ಮಾತ್ರ ಅಲ್ಲೇ ಕುಳಿತೆ. ಬೆಂಕಿ ನಮ್ಮ ಕೈಗೆ ಎಟುಕುವ ಮಾತಲ್ಲ. ಆದರೆ ಎಳೆಯುವುದು ದೊಡ್ಡದಾದರೆ ಬಂಡಿ ಓಡುತ್ತದೆಂಬ ತತ್ವ ಮಾತ್ರ ನನ್ನ ತಲೆ ಹೊಕ್ಕು ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿತು. ಗಿಡ್ಡ ಎತ್ತು ತೆಗೆದು ದೊಡ್ಡ ಖಿಲಾರಿ ಎತ್ತು ಹೂಡಬೇಕು!

ಬಡಿಗರ ಕಾಳಪ್ಪನ ಹತ್ತಿರ ಹೋಗಿ, “ನೊಗಕ್ಕೆ ದೊಡ್ಡ ಎತ್ತು ಕಟ್ಟಬೇಕಂತೀನಿ, ನೊಗಾ ಒಂದು ಹೊಸಾದು ಮಾಡಿಕೊಡು” ಎಂದೆ. ಕಾಳಪ್ಪ ಬಾಚಿ ಕೆಳಗಿಟ್ಟು, ರೋಗಿಯ ನಾಡಿ ಹಿಡಿದ ವೈದ್ಯನಂತೆ ನನ್ನ ಬಂಡಿಯ ಸುತ್ತ ಒಂದು ಸುತ್ತು ಬಂದ.

“ಎತ್ತ ಬದಲ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಎತ್ತ ಒಂದs ಬದಲ ಆಗೂದಿಲ್ಲ ನೋಡ್ರಿ. ದೊಡ್ಡ ಎತ್ತಿಗೆ ಹೆಗಲ ಎತ್ತರ, ನೊಗ ಮ್ಯಾಲೇರತೈತಿ. ನೊಗ ಏರಿದ್ರ ಬಂಡಿ ಮೂತಿ ಮ್ಯಾಲ, ಕುಂಡಿ ಕೆಳಗ. ನಿಮ್ಮ ಸೀರಿ ಗಂಟೆಲ್ಲಾ ಹಿಂದಿಂದ ಜಾರಿ ಹಾದ್ಯಾಗ ಬೀಳ್ತಾವು. ಅದಕ್ಕ ಗಾಲಿ ದೊಡ್ಡವಾಗಬೇಕು. ಗಾಲಿ ದೊಡ್ಡವಾದ್ರ ಈ ಅಚ್ಚ ತಡ್ಯಾಂಗಿಲ್ಲ. ಅಚ್ಚ ದಪ್ಪ ಮಾಡಿದ್ರ ಕಮ್ಮಾರ ಕಡೆ ಹೊಸಾ ಕೀಲ ಮಾಡಸ್ಬೇಕು…”

“ಸಾಕು ಮಾರಾಯಾ, ಬರೇ ಲಗೂ ಹೋದ್ರ ಸಾಕು ನನಗ.”

“ಲಗೂ ಹೋಗೂದು ಬ್ಯಾರೆ, ಮುಟ್ಟೂದು ಬ್ಯಾರೆ. ಬೆಳವಣಕಿ ಎರಿ ಹೊಲದಾಗ ಅಚ್ಚ ಮುರೀತಂದ್ರ ಹಾರಿ ಬರಾಕ ನಾ ಏನ ಹಕ್ಕಿ ಏನ್ರಿ?”

ಮಾತು ನ್ಯಾಯವೇ. ಅಂದಿನಿಂದ ಬೇತು ಶುರುವಾಯಿತು. ಮಗ್ಗದ ಕೋಣೆಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬಂಡಿ ಬರೆದೆ, ಅಳಿಸಿದೆ, ಬರೆದೆ. ಎಲ್ಲಿ ದೊಡ್ಡ ಎತ್ತು ಕಂಡರೂ ಸೀರೆ ಅಳೆಯುವ ಗಜದ ಕೋಲು ಹಿಡಿದು ಅದರ ಎದೆ, ಹೆಗಲು, ಡುಬ್ಬ ಅಳೆದೆ. ಒಂದು ಎತ್ತು ನನ್ನನ್ನು ಒದ್ದು, ತನ್ನ ಕಾಲಿನ ಬಲವನ್ನೂ ತಾನಾಗಿಯೇ ತಿಳಿಸಿಕೊಟ್ಟಿತು. ನಮ್ಮ ಮನೆಯಾಕೆ ನಾಲ್ಕು ದಿನ ನೋಡಿ ಐದನೆಯ ದಿನ ಕೇಳಿದಳು: “ಎತ್ತಿಗೆ ಸೀರಿ ಉಡಸಾವ್ರೇನ್ರಿ? ಸೆರಗಿನ ಬಣ್ಣ ಯಾವ್ದು ಮಾಡ್ಯೀರಿ?” ದೊಡ್ಡ ಕೆಲಸ ಮಾಡುವವರು ಇಂಥ ಮಾತಿಗೆ ಕಿವಿಗೊಡಬಾರದು. ನಾನು ಕೊಡಲಿಲ್ಲ.

ಹೊಸ ಗಾಲಿ, ಹೊಸ ಅಚ್ಚು, ಹೊಸ ಕೀಲು, ಹೊಸ ನೊಗ ಎಲ್ಲ ಆದವು. ಹಳೆಯ ಬಂಡಿಯದೆಂದು ಉಳಿದದ್ದು ಕಮಾನು ಮತ್ತು ನಾನು. ಗಾಲಿ ಎತ್ತರವಾದ್ದರಿಂದ ಕಮಾನು ಓಣಿಯ ಬೇವಿನ ಟೊಂಗೆಗೆ ತಾಗಿತು, ಟೊಂಗೆ ಕಡಿಸಿದೆ. ಟೊಂಗೆಯ ನೆರಳಲ್ಲಿ ಹಪ್ಪಳ ಒತ್ತುತ್ತಿದ್ದ ನೆರೆಮನೆಯವಳು ನಮ್ಮಾಕೆಯೊಡನೆ ಮಾತು ಬಿಟ್ಟಳು. ಕಾಳಪ್ಪ ಹೇಳಿದ್ದು ಸರಿ, ಎತ್ತೊಂದೇ ಬದಲಾಗುವುದಿಲ್ಲ.

ಇನ್ನು ಎತ್ತು. ಮುಶಿಗೇರಿಯಲ್ಲಿ ಪರಪ್ಪಜ್ಜ ಎಂಬ ಹಿರಿಯರಿದ್ದರು. ಮೂರು ತಾಲೂಕಿನಲ್ಲಿ ಹೆಣ್ಣು ಗಂಡು ಕೂಡಿಸುವುದು ಅವರ ಕೆಲಸ. ಅದರಿಂದ ಅವರಿಗೆ ಬರುತ್ತಿದ್ದುದು ಪುಣ್ಯ ಮತ್ತು ಊಟ ಮಾತ್ರ. ಅವರ ಬಂಡಿಗೆ ಸರದಾರ, ಸುಬೇದಾರ ಎಂಬ ಎರಡು ಖಿಲಾರಿ ಎತ್ತು. ಬಿಳಿ ಮೈ, ಬಿಲ್ಲಿನ ಕೊಂಬು, ನಿಂತರೆ ನೆಲಕ್ಕೆ ಗೌರವ. ಅವನ್ನು ಅಳೆಯಲು ಹೋದ ನನಗೆ ಅಜ್ಜ ತಾವೇ ಹೇಳಿದರು: “ತಮ್ಮಾ, ನಿನ್ನ ಗಿಡ್ಡ ಜೋಡಿ ನನಗ ಕೊಡು, ಇವನ್ನ ನೀ ಒಯ್ಯಿ. ಈ ವಯಸ್ಸಿಗೆ ನನಗ ಮೆತ್ತಗ ಹೋಗೂ ಎತ್ತ ಬೇಕಾಗ್ಯಾವು. ಮ್ಯಾಲೆ ನಮ್ಮ ಸೊಸಿಗೆ ಒಂದು ಚಲೋ ಸೀರಿ ಕೊಟ್ಟುಬಿಡು, ಮುಗೀತು.” ಇಂಥ ಎತ್ತನ್ನು ಇಷ್ಟು ಸುಲಭಕ್ಕೆ ಯಾಕೆ ಬಿಡುತ್ತಾರೆಂದು ಬುದ್ಧಿ ಇದ್ದವನು ಕೇಳುತ್ತಿದ್ದ. ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದೆ.

ಗುಂಡ್ಯಾ ಚೆನ್ನ್ಯಾರನ್ನು ಕಳಿಸುವ ದಿನ ನಮ್ಮಾಕೆ ಅವಕ್ಕೆ ಹೋಳಿಗೆ ತಿನ್ನಿಸಿ, ಹಣೆಗೆ ಅರಿಷಿಣ ಹಚ್ಚಿ ಕಣ್ಣೊರೆಸಿಕೊಂಡಳು. “ಯಾರ ಬಾಗಲಕ್ಕ ನಿಂದರಬೇಕಂತ ಗೊತ್ತಿದ್ದ ಎತ್ತ ಇವು. ಆ ಹೊಸಾವು ಯಾರ ಬಾಗಲಕ್ಕ ನಿಂದರತಾವೋ ಯಾಂವ ಬಲ್ಲ” ಎಂದಳು. ಹೆಂಗಸರ ಅಳುವಿನಲ್ಲಿ ಬಂದ ಮಾತೆಂದು ನಾನು ಬಿಟ್ಟುಬಿಟ್ಟೆ. ಚೆನ್ನ್ಯಾ ಹೋಗುವಾಗ ನನ್ನ ಅಂಗೈ ನೆಕ್ಕಿತು.

ಊರ ಹೊರಗೆ ಬಯಲಿನಲ್ಲಿ ಹೊಸ ಜೋಡಿ ಹೂಡಿ ಓಡಿಸಿ ನೋಡಿದೆ. ಅಬ್ಬಬ್ಬಾ! ರುಮಾಲು ಹಾರಿತು, ಮೀಸೆ ಹಾರುವುದೊಂದು ಬಾಕಿ. ಅಣ್ಣ ಮದುಮಗಳ ಸೀರೆಯನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೈಗಿತ್ತ. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ಇನ್ನೂ ಮೂರು ದಿನ ಇತ್ತು. ಈ ಎತ್ತಿಗೆ ಎರಡು ದಿನ ಹೆಚ್ಚಾಯಿತು. ಪುರ್ತಗೇರಿಯನ್ನು ದಾಟಿದ್ದು ನನಗೆ ನೆನಪಿಲ್ಲ, ಅಷ್ಟು ಬೇಗ. ಬಾವಿಕಟ್ಟೆಯ ಹೆಣ್ಣುಮಕ್ಕಳು “ಸೀರ್ಯಾವ್ರs ನಿಂದರ್ರೀ!” ಎಂದು ಕೂಗಿದ್ದಷ್ಟೇ ಕೇಳಿಸಿತು. “ಬರೂ ಮುಂದ!” ಎಂದು ಕೂಗಿದೆ. ಆ ಕೂಗಿನಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮುಶಿಗೇರಿಯಲ್ಲಿ ಎತ್ತುಗಳು ಪರಪ್ಪಜ್ಜನ ಮನೆ ಮುಂದೆ ನಿಂತವು. ಹುಟ್ಟಿದ ಮನೆ, ನಿಲ್ಲಲಿ. ಅದೇ ಮದುವೆಗೆ ಹೊರಟಿದ್ದ ಅಜ್ಜ ನನ್ನ ಗುಂಡ್ಯಾ ಚೆನ್ನ್ಯಾರನ್ನು ಹೂಡಿಕೊಂಡು ಬಂಡಿ ಹತ್ತುತ್ತಿದ್ದರು. ಆ ಮದುವೆ ಕೂಡಿಸಿದವರೂ ಅವರೇ. ಅವರ ಸೊಸೆ ಉಣ್ಣದೆ ಬಿಡುವುದಿಲ್ಲವೆಂದು ನನ್ನನ್ನು ಒಳಗೆ ಕರೆದಳು. “ಅಜ್ಜಾರ, ನೀವು ನರಗುಂದಕ್ಕೆ ಬರೂದರೊಳಗ ನಾ ಉಂಡು ಕೈ ತೊಳಕೊಂಡಿರತೀನ್ರಿ” ಎಂದೆ. ಅಜ್ಜ ಏನೋ ಹೇಳಲು ಬಾಯಿ ತೆರೆದು, ನಕ್ಕು, ಬಂಡಿ ಹೊಡೆದುಕೊಂಡು ಹೋದರು. ನಾನು ಉಂಡು, ತೇಗಿ, ಬಂಡಿ ಹತ್ತಿ, ಕ್ಷಣದಲ್ಲಿ ಅವರನ್ನು ದಾಟಿದೆ.

ರೋಣ ಬಂತು. ಊರೊಳಗೆ ಹೊಕ್ಕದ್ದೇ ತಡ, ಸರದಾರ ಕೊಂಬು ತಿರುವಿ ಒಂದು ಓಣಿಗೆ ನುಗ್ಗಿ ದೊಡ್ಡ ಬಾಗಿಲಿನ ಮುಂದೆ ನಿಂತುಬಿಟ್ಟ. ಹೊಡೆದೆ, ಎಳೆದೆ, ಕೈಮುಗಿದೆ. ಸುಬೇದಾರ ಆಗಲೇ ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿದ್ದ. ಒಳಗಿನಿಂದ ಮನೆಯೊಡತಿ ಓಡಿ ಬಂದಳು. “ಅಯ್ಯs, ಹಿರ್ಯಾರ ಎತ್ತ ಬಂದಾವು! ನಮ್ಮ ಹುಡಿಗಿಗೆ ವರಾ ಗಟ್ಟಿ ಆತೇನ್ರಿ?” ನಾನು ಬರಿಯ ಸೀರೆ ಮಾರುವವನೆಂದೆ. “ಹಾಂಗಾರ ಗಟ್ಟಿ ಆಗೇತಿ! ಅದಕ್ಕs ಸೀರಿ ಕಳಿಸ್ಯಾರ!” ಎಂದು ಅವಳು ಮನೆಮಂದಿಯನ್ನೆಲ್ಲ ಕೂಗಿದಳು. ಜಮಖಾನೆ ಹಾಸಿದರು. ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ, ಕೆನೆ ಮೊಸರು. ಎತ್ತಿಗೆ ಹತ್ತಿಕಾಳು. ಉಂಡೆ, ಎರಡು ಸೀರೆ ಮಾರಿದೆ, ತಾಂಬೂಲ ಹಾಕಿಕೊಂಡು ಕಟ್ಟೆಗೆ ಬಂದು ಒಂದು ತೇಗು ತೇಗಿದೆ. ಅಷ್ಟಕ್ಕೇ ಎತ್ತುಗಳು ನನ್ನನ್ನು ಬಿಟ್ಟು ಬಂಡಿ ಎಳೆದುಕೊಂಡು ಹೊರಟೇಬಿಟ್ಟವು!

ಓಡಿ ಹತ್ತಿದೆ. ಮುಂದಿನ ಓಣಿಯಲ್ಲಿ ಇನ್ನೊಂದು ಬಾಗಿಲು. ಅಲ್ಲಿಯೂ ಅದೇ ಜಮಖಾನೆ, ಅದೇ ಎಣ್ಣೆಗಾಯಿ. ಆಗ ನನಗೆ ಗುಟ್ಟು ಹೊಳೆಯಿತು. ಪರಪ್ಪಜ್ಜ ಯಾವ ಮನೆಯಲ್ಲೂ ಉಣ್ಣದೆ ಏಳುತ್ತಿರಲಿಲ್ಲ, ಉಂಡ ಮೇಲೆ ತೇಗದೆ ಬಂಡಿ ಹತ್ತುತ್ತಿರಲಿಲ್ಲ. ಅವರ ತೇಗೇ ಈ ಎತ್ತಿಗೆ ಹೊರಡುವ ಅಪ್ಪಣೆ. ಸರಿ, ಮೂರನೆಯ ಬಾಗಿಲಲ್ಲಿ ಒಳಗೆ ಹೋಗದೆಯೇ ಹುಸಿ ತೇಗು ತೇಗಿದೆ. ಸರದಾರ ಕತ್ತು ತಿರುಗಿಸಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಸಾಕ್ಷಿಯ ಸುಳ್ಳು ಹಿಡಿದ ಪಂಚರ ಹಾಗೆ ಇತ್ತು ಆ ನೋಟ. ಕದಲಲಿಲ್ಲ. ಒಳಗೆ ಹೋಗಿ ಉಂಡೆ.

ಮರುದಿನ ಇಳಿಹೊತ್ತಿಗೆ ಬೆಳವಣಕಿ. ಊರಿನಿಂದ ಊರಿಗೆ ಗಾಳಿ, ಊರೊಳಗೆ ಬಂಡೆಗಲ್ಲು. ಅಲ್ಲಿಯ ಮೊದಲನೆಯ ಮನೆಯಲ್ಲಿ ಹೋಳಿಗೆ, ಎರಡನೆಯದರಲ್ಲಿ ಕರಿಗಡಬು. ಆ ಕರಿಗಡಬಿನ ಮುಂದೆ ಕುಳಿತಾಗ ನನ್ನ ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ತುತ್ತು ಇಳಿಯದು, ತೇಗು ಏರದು. ಕಟ್ಟೆಗೆ ಬಂದು ಕಂಬಕ್ಕೊರಗಿ ಕುಳಿತೆ. ನಾಳೆ ಸಂಜೆಗೆ ಎಣ್ಣೆ ಅರಿಷಿಣ. ನನ್ನ ಕಣ್ಣ ಮುಂದೆ ನಮ್ಮನೆಯ ಕುಣಿ ಬಾಯಿ ತೆರೆದುಕೊಂಡಿತು. ನಗೆಯ ಮಾತಲ್ಲ, ಆಗ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಕುಣಿಗಿಂತ ಹೆಚ್ಚಾಗಿ ಕಾಡಿದ್ದು ನನ್ನ ತೊಡೆಯ ಮೇಲೆ ಮಡಿಕೆಯಲ್ಲೇ ಕುಳಿತಿದ್ದ ಅಣ್ಣನ ಮೂರು ತಿಂಗಳ ದುಡಿತ.

ಆಗ ಪರಿಚಯದ ಗಂಟೆಯ ಸದ್ದು ಕೇಳಿತು. ಓಣಿಯ ತುದಿಯಿಂದ, ಇರುವೆಗೆ ನೋವಾಗದಂಥ ನಡಿಗೆಯಲ್ಲಿ, ಗುಂಡ್ಯಾ ಚೆನ್ನ್ಯಾ ಬಂದವು. ನನ್ನನ್ನು ಕಂಡು ತಾವಾಗಿಯೇ ನಿಂತವು. ಬಂಡಿಯಲ್ಲಿ ಪರಪ್ಪಜ್ಜ, ಕೈಯಲ್ಲೊಂದು ಮಜ್ಜಿಗೆಯ ತಂಬಿಗೆ.

“ಏನ ತಮ್ಮಾ, ನರಗುಂದಕ್ಕ ಏನರ ಹೇಳಿ ಕಳಸೂದೈತೇನು?”

“ಅಜ್ಜಾರs, ಈ ಎತ್ತ ಮುಂದ ಇನ್ನೆಷ್ಟು ಮನಿಗೆ ನಿಂದರತಾವ್ರಿ?”

ಅಜ್ಜ ಬೆರಳು ಮಡಚುತ್ತ ಹೋದರು. ಒಂದು ಕೈಯ ಬೆರಳು ಮುಗಿದು ಎಣಿಕೆ ಇನ್ನೊಂದು ಕೈಗೆ ದಾಟಿದ್ದನ್ನು ಕಂಡು ನಾನು ಕಣ್ಣು ಮುಚ್ಚಿದೆ. “ಏಳು” ಎಂದರು. “ತಪ್ಪು ತಿಳ್ಕೋಬ್ಯಾಡ. ಊಟಾ ಕಡಿಮಿ ಮಾಡದಿದ್ರ ಉಳಿಯೂದಿಲ್ಲ ಅಂತ ವೈದ್ಯ ಹೇಳಿದ. ಇವನ್ನ ಹೂಡಿಕೊಂಡು ಊಟಾ ಬಿಡೂದು ಹ್ಯಾಂಗ? ಅದಕ್ಕs ಬದಲ ಮಾಡಿದೆ. ನಿನ್ನ ಎತ್ತ ಭಾಳ ಚಲೋ ಅದಾವಪಾ. ಇವೂ ನಿಂದರತಾವು, ಆದ್ರ ಹೆಣ್ಮಕ್ಕಳು ಬಂದು ಸೀರಿ ಕೇಳತಾರು, ಇಲ್ಲವ್ವಾ ಅಂದ್ರ ಒಳಗ ಹೋಗತಾರು. ಒಬ್ಬಾಕಿನೂ ಉಣ್ಣು ಅನ್ನಲಿಲ್ಲ!”

ಹೊಸ ಬಂಡಿಯ ಹೊಸ ಗಾಲಿಯನ್ನು ಹಿಡಿದು ನಾನು ಎದ್ದು ನಿಂತೆ. ಮದುಮಗಳ ಸೀರೆಯ ಗಂಟನ್ನು ಕಣ್ಣಿಗೊತ್ತಿಕೊಂಡು ಅಜ್ಜನ ಕೈಗಿಟ್ಟೆ. “ಹೇಳೂದೇನಿಲ್ರಿ. ಇದನ್ನಷ್ಟು ಮುಟ್ಟಸ್ರಿ” ಎಂದೆ. ಗುಂಡ್ಯಾ ಚೆನ್ನ್ಯಾ ಯಾವ ಅವಸರವೂ ಇಲ್ಲದೆ ಹೊರಟವು.

ಸೀರೆ ಮುಟ್ಟಿತು. ಎಣ್ಣೆ ಅರಿಷಿಣಕ್ಕೆ ಒಂದು ತಾಸು ಮೊದಲೇ ಮುಟ್ಟಿತು. ಬೆಳವಣಕಿಯಿಂದ ಮೂರನೆಯ ದಿನ, ತಾಳಿ ಕಟ್ಟಿ ಆದ ಮೇಲೆ, ನಾನು ನರಗುಂದ ಸೇರಿದಾಗ ಬೀಗರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಆದರೆ ಈ ಸಲ ಮದುಮಗಳು ನಮ್ಮಣ್ಣನ ದಾಳಿಂಬೆ ಸೀರೆಯುಟ್ಟು ಚಪ್ಪರದ ಕೆಳಗೆ ನಗುತ್ತ ನಿಂತಿದ್ದಳು. ಸೆರಗಿನ ಕೆಂಪು ಅವಳ ಕೆನ್ನೆಗೂ ಹತ್ತಿತ್ತು. ನನಗಾದ ಸಂತೋಷ ಹೇಳತೀರದು. ಆ ಸಂತೋಷದಲ್ಲಿ, ಬೇಡವೆಂದರೂ ಕೇಳದೆ, ಅಲ್ಲಿಯೂ ಬಡಿಸಿದರು. ಅಂದಹಾಗೆ, ಉಳಿದ ಸೀರೆಗಳೆಲ್ಲ ದಾರಿಯ ಮನೆಗಳಲ್ಲೇ ತೀರಿಹೋಗಿದ್ದವು. ವರ ಹುಡುಕುವ ಮನೆಗಿಂತ ಸೀರೆ ಮಾರಲು ಒಳ್ಳೆಯ ಜಾಗ ಇನ್ನಾವುದಿದೆ? ಇದನ್ನು ಮೊದಲೇ ಯೋಚಿಸಿ ಎತ್ತು ಬದಲಿಸಿದೆನೆಂದು ನಾಲ್ಕು ಮಂದಿಗೆ ಹೇಳಿಯೂ ಬಿಟ್ಟೆ.

ಊರಿಗೆ ಬಂದು ಅಣ್ಣನಿಗೆ, “ಸೀರಿ ಹೊತ್ತಿಗೆ ಸರಿಯಾಗಿ ಮುಟ್ಟಿತು” ಎಂದಷ್ಟೇ ಹೇಳಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಮದುವೆಯ ದಿನಗಳು ಮುಗಿಯುವವರೆಗೆ ಇನ್ನೂ ಮೂರು ಸಲ ಆ ಹಾದಿ ಹಿಡಿದೆ. ಕಡೆಗೆ ಒಂದು ದಿನ ಪರಪ್ಪಜ್ಜ ನಮ್ಮ ಮನೆಗೆ ಬಂದರು. ಬಿದಿರಿನಂತೆ ಸಣ್ಣಗಾಗಿ, ಇಪ್ಪತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ನಗುನಗುತ್ತ ಬೆಳವಣಕಿಯ ಕಥೆಯನ್ನೆಲ್ಲ ಅಣ್ಣನ ಮುಂದೆ ಬಿಚ್ಚಿಟ್ಟರು.

ಅಣ್ಣ ಲಾಳಿ ಕೆಳಗಿಟ್ಟ. “ಸೀರಿ ಮುಟ್ಟಿತು. ನೀ ಮುಟ್ಟಲಿಲ್ಲ. ಮಾತ ಮಾತs. ಇಳಿ ಕುಣಿಗೆ.”

ತಲೆ ತಗ್ಗಿಸಿ ಹೋಗಿ ಕುಣಿಯೊಳಗೆ ಕಾಲು ಬಿಟ್ಟೆ. ಕಾಲು ಇಳಿಯಿತು, ನಡು ಇಳಿಯಲಿಲ್ಲ. ಉಸಿರು ಬಿಗಿಹಿಡಿದು ಜಗ್ಗಿ ಕುಳಿತೆ. ಬೆನ್ನು ಗೋಡೆಗೆ ಒತ್ತಿತು, ಹೊಟ್ಟೆ ಬಟ್ಟೆ ಸುತ್ತುವ ಮರಕ್ಕೆ ಒತ್ತಿತು, ಮರ ಮುಂದೆ ಸರಿದು ಹಾಸಿನ ಎಳೆಗಳು ಪಟ್ ಪಟ್ ಎಂದು ಹರಿಯತೊಡಗಿದವು. “ಏಳೋ, ಏಳೋ ಮಾರಾಯಾ!” ಎಂದು ಅಣ್ಣ ಕೂಗಿಕೊಂಡ. ಏಳಲೂ ಬಾರದು. ಕಡೆಗೆ ಕಾಳಪ್ಪನನ್ನು ಕರೆಸಿ ಮರ ಕಳಚಿಸಿ ನನ್ನನ್ನು ಹೊರಗೆ ತೆಗೆದರು. ನಮ್ಮಾಕೆ ಗಜದ ಕೋಲು ತಂದು ನನ್ನ ಹೊಟ್ಟೆ ಅಳೆದಳು.

“ಕಾಳಪ್ಪಾ, ಇವನ ಅಳತಿಗೆ ಕುಣಿ ದೊಡ್ಡದು ಮಾಡು” ಎಂದ ಅಣ್ಣ.

ಕಾಳಪ್ಪ ಕುಣಿಯ ಸುತ್ತ ಒಂದು ಸುತ್ತು ಬಂದ. “ಮಾಡ್ತೀನ್ರಿ. ಆದ್ರ ಕುಣಿ ಒಂದs ದೊಡ್ಡದಾಗೂದಿಲ್ಲ. ಕುಣಿ ದೊಡ್ಡದಾದ್ರ ಮಗ್ಗ ದೊಡ್ಡದಾಗಬೇಕು, ಮಗ್ಗ ದೊಡ್ಡದಾದ್ರ ಗ್ವಾಡಿ ಸರಿಸಬೇಕು, ಗ್ವಾಡಿ ಸರಿಸಿದ್ರ ಮಾಳಿಗಿ…”

“ಸಾಕು!” ಅಣ್ಣ ಕೈ ಮುಗಿದ. “ಇವ ಬಂಡ್ಯಾಗs ಇರ್ಲಿ.”

ಅಂದು ಮನೆಯಲ್ಲಿ ಹಬ್ಬದ ಅಡಿಗೆಯಿಲ್ಲ, ಬರಿಯ ರೊಟ್ಟಿ, ಪುಂಡಿಪಲ್ಲೆ. ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಉಂಡೆ. ಕೈ ತೊಳೆದು ಕಟ್ಟೆಗೆ ಬಂದು, ಮನಸ್ಸು ಹಗುರಾಗಿ, ಒಂದು ತುಂಬು ತೇಗು ತೇಗಿದೆ. ಹಿತ್ತಲಿನಲ್ಲಿ ಮಲಗಿದ್ದ ಸರದಾರ, ಸುಬೇದಾರ ಇಬ್ಬರೂ ಎದ್ದು ನಿಂತರು.